ಬ್ಯಾನರಿನ ಮೇಲಿನ ದೊಡ್ಡಕ್ಷರ

ದೊಡ್ಡೇರಿ ದಾಟಿ ಒಳಕ್ಕೆ ಹೋದರೆ ಸಿಗುವ ಆ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಸರ್ವಮಂಗಳಾ ಮೇಡಂ ಒತ್ತಕ್ಷರ ಕಲಿಸುವ ರೀತಿಗೆ ಒಂದು ಹೆಸರಿತ್ತು. ಸರ್ಕಾರ ಕೊಟ್ಟ ನಲಿಕಲಿ ಕಾರ್ಡುಗಳು ದಾರದ ಮೇಲೆ ಅವುಗಳ ಪಾಡಿಗೆ ತೂಗುತ್ತಿರಲಿ, ಈಯಮ್ಮ ಮಾತ್ರ ಮನೆ ಮಂದಿಯಿಂದಲೇ ಶುರು ಮಾಡೋರು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅತ್ತೆ. "ನೋಡ್ರೋ, ನಮ್ಮ ನೆಂಟರೆಲ್ಲಾ ಒತ್ತು ಇಟ್ಕೊಂಡೇ ಹುಟ್ಟವ್ರೆ! ಮೇಲಿನಕ್ಷರ ಅರ್ಧ ನುಂಗಿ, ಕೆಳಗಿಂದು ಪೂರ್ತಿ ಉಗುಳಿ" ಅನ್ನೋರು. ಉಗುಳಿ ಅಂದರೆ ಮಕ್ಕಳಿಗೆ ಕೇಳಬೇಕೇ? ಮುಂದಿನ ಸಾಲಿನವರ ಬೆನ್ನೆಲ್ಲಾ ಒದ್ದೆ. ಆದರೂ ದೀಪಾವಳಿ ಹೊತ್ತಿಗೆ ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳೆಲ್ಲಾ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಏನು ಸಿಕ್ಕರೆ ಅದನ್ನು ಓದಿಕೊಂಡು ತಿರುಗೋವು.

ರಕ್ಷಾ ಆ ಶಾಲೆಗೆ ಬಂದದ್ದು ಒಂದು ವರ್ಷ ಮಳೆಗಾಲದಲ್ಲಿ. ಅಲ್ಲಿತನಕ ಪಾವಗಡದ ಕಡೆ ನಾಗಲಮಡಿಕೆ ಹತ್ತಿರ ಇದ್ದ ಹುಡುಗಿ. ಕನ್ನಡ ಮಾತಾಡುತ್ತಾ ಮಾತಾಡುತ್ತಾ ನಡುವೆ ತೆಲುಗು ನುಸುಳೋದು. ಬೇರೆ ಮಕ್ಕಳು ನಕ್ಕರೆ ತಾನೂ ನಗುತ್ತಿದ್ದಳು. ಅವಳನ್ನು ಸೇರಿಸೋಕೆ ಬಂದ ಅಜ್ಜಿ ಕರಿಬಸಮ್ಮ, ಮಗುವನ್ನು ಒಳಗೆ ಕೂರಿಸಿ, ಮೇಡಂ ಅವರನ್ನು ಹುಣಸೇಮರದ ಕೆಳಕ್ಕೆ ಕರೆದುಕೊಂಡು ಹೋಗಿ ಹೇಳಿದ್ದಳು:

"ಇವ್ಳವ್ವ, ನನ್ನ ಮಗಳು ಭುವನಾ, ಹೋಗ್ಬುಟ್ಲು ಮೇಡಮ್ಮ. ಡೆಂಗಿ ಜ್ವರ. ತುಮಕೂರಿಗೆ ಕರ್ಕೊಂಡೋದ್ರು, ಮಣ್ಣಿಗೇ ತಂದ್ರು. ಆವಾಗ ಈ ಮಗ ರಜಕ್ಕೆ ಬಂದು ನನ್ನತ್ರಾನೇ ಇತ್ತು. ತೋರ್ಸ್ಲಿಲ್ಲ. ಹೇಳೂ ಇಲ್ಲ. ತುಮಕೂರಲ್ಲಿ ಟ್ರೈನಿಂಗು, ಮುಗಿಸ್ಕೊಂಡು ಬತ್ತಾಳೆ ಅಂದಿವ್ನಿ. ನೀವೂ ಅಂಗೇ ಅನ್ನಿ."

ಹೇಳುವಾಗ ಆ ಮುದುಕಿಯ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅತ್ತರೆ ಮಗು ಕೇಳುತ್ತಲ್ಲ, ಯಾಕೆ ಅಂತ! ಊರಲ್ಲೂ ಮನೆಮನೆಗೆ ಹೋಗಿ, ಯಾರೂ ಬಾಯಿ ಬಿಡಬೇಡಿ ಅಂತ ಕೈ ಮುಗಿದು ಬಂದಿದ್ದಳಂತೆ. ಮೇಡಂ ಏನು ತಾನೇ ಅಂದಾರು? ಆಗಲಿ ಅಂದರು. ಆ ವರ್ಷ ಮಾತ್ರ ನೆಂಟರ ಪಾಠದಲ್ಲಿ 'ಅಮ್ಮ' ಬಿಟ್ಟು ಹೋಯಿತು.

ಹುಡುಗಿ ಚೂಟಿ. ಕಾಗುಣಿತ ಪಟಪಟ ಹೇಳುತ್ತಿದ್ದಳು. ಒತ್ತಿನ ಪಾಠ ಶುರುವಾದ ವಾರದಲ್ಲೇ ಸ್ಲೇಟು ಹಿಡಿದುಕೊಂಡು ಬಂದು ನಿಂತಳು. ಸ್ಲೇಟಿನ ಮೇಲೆ ರಂಗೋಲಿ ಎಳೆದ ಹಾಗೆ ಒಂದು ಅಕ್ಷರ: ಶ್ರ.

"ಮಿಸ್, ಇದನ್ನ ಹೆಂಗೆ ಓದ್ಬೇಕು?"

"ಅದು ಇನ್ನೂ ಮುಂದೈತೆ ಕಣೇ. ಮೊದ್ಲು ಅಕ್ಕ ಅಣ್ಣ ಮುಗೀಲಿ."

ಮಾರನೇ ದಿನ ಇನ್ನೊಂದು ತಂದಳು. ದ್ಧಾ. ಅದರ ಮಾರನೇ ದಿನ ರ್ಣ. ಅಬ್ಬಾ, ಎಂಥಾ ಹಸಿವಪ್ಪಾ ಈ ಹುಡುಗೀಗೆ ಅಂತ ಮೇಡಂಗೆ ಒಳಗೊಳಗೇ ಹಿಗ್ಗು. "ಇದನ್ನೆಲ್ಲಾ ಎಲ್ಲಿ ನೋಡ್ಕೊಂಡು ಬರ್ತೀಯೇ?" ಅಂತ ಗಲ್ಲ ಹಿಂಡಿದರು.

"ಅಜ್ಜಿ ಮನೇಲಿ ಬ್ಯಾನರ್ ಐತಲ್ಲ ಮಿಸ್, ನಮ್ಮಮ್ಮಂದು. ಅದ್ರ ಮೇಲೆ."

ಮೇಡಂ ಕೈ ಅಲ್ಲೇ ನಿಂತಿತು. ಶ್ರ, ದ್ಧಾ, ರ್ಣ. ಬಿಡಿಬಿಡಿಯಾಗಿ ಬಂದ ಮೂರೂ ಒಟ್ಟಿಗೆ ಸೇರಿಕೊಂಡವು. ಭಾವಪೂರ್ಣ ಶ್ರದ್ಧಾಂಜಲಿ. ಬಸ್‌ಸ್ಟ್ಯಾಂಡುಗಳಲ್ಲಿ ನೋಡೀ ನೋಡೀ ನಮಗೆಲ್ಲಾ ಕಣ್ಣಿಗೇ ಹತ್ತದ ಮಾತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕರಿಬಸಮ್ಮನನ್ನು ಹುಡುಕಿಕೊಂಡು ಹೊಲಕ್ಕೇ ಹೋದರು. ಕಳೆ ಕೀಳುತ್ತಿದ್ದ ಮುದುಕಿ ಕುಡುಗೋಲು ಕೆಳಗಿಟ್ಟು ಎದ್ದು ನಿಂತಳು.

"ಅಲ್ಲಮ್ಮಾ, ನಿಮಗೇನು ಬುದ್ಧಿ ಗಿದ್ಧಿ ಐತೋ ಇಲ್ವೋ? ಮಗೀಗೆ ಗೊತ್ತಾಗಬಾರ್ದು ಅಂತ ಊರಿಗೆಲ್ಲಾ ಕೈ ಮುಗಿದು, ಆ ಬ್ಯಾನರ್ ತಂದು ಮನೇಲಿ ಕಟ್ಟಿದೀರಲ್ಲ!"

ಕರಿಬಸಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಅವ್ಳ ಹೆಂಗಸ್ರ ಸಂಘದೋರು ನಾಗಲಮಡಿಕೆ ಬಸ್‌ಸ್ಟ್ಯಾಂಡಲ್ಲಿ ಹಾಕ್ಸಿದ್ರು ಮೇಡಮ್ಮ. ಹನ್ನೊಂದು ದಿನ ಆದ್ಮೇಲೆ ಬಿಚ್ಚಾಕಿದ್ರು. ಅಂಥವನ್ನ ಎಲ್ರೂ ಹುಲ್ಲಿನ ಬಣವೆ ಮೇಲೆ ಹೊದಿಸ್ತಾರೆ. ನನ್ನ ಮಗಳ ಮುಖದ ಮೇಲೆ ಮಳೆ ಸುರಿಯಕ್ಕೆ ಬುಡ್ಲಾ? ಸುತ್ಕೊಂಡು ಬಂದ್ಬುಟ್ಟೆ. ನಂಗೆಲ್ಲಿ ಓದಕ್ಕೆ ಬತ್ತದೆ? ಅಷ್ಟು ದೊಡ್ಡದಾಗಿ ಅವ್ಳು ನಗ್ತಾವ್ಳಲ್ಲ, ಅದೇ ಕಂಡಿದ್ದು ನಂಗೆ."

"ಮಗು ಕೇಳಲಿಲ್ವಾ, ಯಾಕೆ ಬ್ಯಾನರ್ ಅಂತ?"

"ಎಲೆಕ್ಷನ್ನಿಗೆ ನಿಂತೋರ್ಗೆ, ಹುಟ್ಟಿದಬ್ಬಕ್ಕೆ ಎಲ್ಲಾ ಹಾಕ್ಸಲ್ವಾ? ನಿಮ್ಮವ್ವ ಸಂಘದಲ್ಲಿ ದೊಡ್ಡೋಳಾಗವ್ಳೆ, ಅದ್ಕೇ ಹಾಕ್ಸವ್ರೆ ಅಂದೆ. ನಂಬ್ತು."

"ಈಗ ಇಳಿಸಿಬಿಡಿ."

"ಇಳಿಸಿದ್ರೆ ಅದು ಬದುಕಲ್ಲ ಮೇಡಮ್ಮ. ದಿನಾ ಅದ್ರ ಮುಂದೇನೇ ಮಲಗೋದು. ಬೆಳಗಾನ ಎದ್ದು ಅದ್ಕೇ ಮೊದ್ಲು ಮಾತಾಡ್ಸೋದು." ಕರಿಬಸಮ್ಮ ಬಗ್ಗಿ ಮೇಡಂ ಕಾಲು ಮುಟ್ಟೋಕೇ ಬಂದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಬ್ಯಾರೆ ಎಲ್ಲಾ ಹೇಳ್ಕೊಡಿ, ಆ ಅಕ್ಷರ ಮಾತ್ರ ಬುಟ್ಬುಡಿ. ನಮ್ಮ ಅಳಿಯ ರುದ್ರಮುನಿ ಬತ್ತಾನೆ, ಅಪ್ಪನೇ ಕುಂಡ್ರಿಸ್ಕೊಂಡು ಹೇಳ್ಲಿ. ಅಲ್ಲೀಗಂಟ."

ಬಿಟ್ಟುಬಿಡೋಕೆ ಅಕ್ಷರವೇನು ಮೊರದಲ್ಲಿರೋ ಕಲ್ಲೇ? ಒಂದು ಒತ್ತು ಓದೋಕೆ ಬಂದವಳಿಗೆ ಇನ್ನೊಂದು ತಾನಾಗೇ ಬರುತ್ತದೆ. ಇಷ್ಟು ವರ್ಷ ಕಲಿಸಿದ ಮೇಡಂಗೆ ಅದು ಗೊತ್ತಿಲ್ಲವೇ? ಆದರೂ ಆ ಮುದುಕಿಯ ಮುಖ ನೋಡಿ ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಆಗಲಿ ಅಂದುಬಿಟ್ಟರು.

ಅವತ್ತಿನಿಂದ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದರು ಮೇಡಂ. ಕಲಿಯೋಕೆ ಬಂದ ಮಗುವಿಗೆ ಕಲಿಸದೇ ಇದ್ದರು. ಬೇರೆ ಮಕ್ಕಳೆಲ್ಲಾ ಒತ್ತಿನ ಗುಂಪಿಗೆ ಹೋದರೆ ರಕ್ಷಾ ಕೈಗೆ ಬಣ್ಣದ ಕಡ್ಡಿ. "ಹೂವು ಬಿಡ್ಸು ಪುಟ್ಟಾ." ಮಾರನೇ ದಿನ "ಮನೆ ಬಿಡ್ಸು." ಆಮೇಲೆ "ಹಳೇ ಕಾಗುಣಿತ ಇನ್ನೊಂದ್ಸಲ ಬರಿ." ಅವಳ ಪಕ್ಕದಲ್ಲಿ ಕೂರುತ್ತಿದ್ದ ಅಂಜನ್ ಕುಮಾರ್, ಮೂಗು ಒರೆಸಿಕೊಳ್ಳೋಕೆ ಬರದವನು, "ಚಕ್ಕುಲಿ, ಬೆಣ್ಣೆ, ಹಬ್ಬ" ಅಂತ ಗಂಟಲು ಹರಿದುಕೊಂಡು ಓದುತ್ತಿದ್ದರೆ, ಈ ಹುಡುಗಿ ಹೂವಿಗೆ ಬಣ್ಣ ತುಂಬುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಅದನ್ನು ನೋಡೋಕಾಗದೆ ಮೇಡಂ ಬೋರ್ಡಿನ ಕಡೆ ತಿರುಗಿಬಿಡೋರು.

ರುದ್ರಮುನಿ ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನಲ್ ತೊಳೆಯುವ ಕೆಲಸಕ್ಕಿದ್ದ. ಅಮಾವಾಸ್ಯೆಗೆ ಬಂದ. ಮಗಳಿಗೆ ಗೆಜ್ಜೆ ತಂದ, ಮಡಿಲಲ್ಲಿ ಕೂರಿಸಿಕೊಂಡ, ಬಾಳೆಹಣ್ಣು ತಿನ್ನಿಸಿದ, ವಾಪಸ್ ಹೋದ. ಇನ್ನೊಂದು ಸಲ ಬಂದ. ಮತ್ತೆ ಅದೇ. ಬಾಯಿ ತುಂಬಾ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಇದ್ದು ಹೋದ. ಅಯ್ಯೋ, ಗಂಡಸರ ಪಾಡೇ ಇಷ್ಟು ಅಂತ ಮೇಡಂಗೆ ಮೈಯೆಲ್ಲಾ ಉರಿ. ಆದರೆ ತಾವಾದರೂ ಏನು ಕಡಿದು ಕಟ್ಟೆ ಹಾಕಿದ್ದರು? ಅವರೂ ಸುಮ್ಮನೇ ಇದ್ದರಲ್ಲ.

ಹೀಗಿರುವಾಗ ಒಂದು ದಿನ ಶಾಲೆ ಬಿಟ್ಟ ಮೇಲೂ ರಕ್ಷಾ ಬಾಗಿಲ ಹತ್ತಿರ ನಿಂತೇ ಇದ್ದಳು. ಮೇಡಂ ಸ್ಕೂಟಿ ಹತ್ತಿರ ಬಂದಾಗ ಕೇಳಿದಳು:

"ಮಿಸ್, ನಾನು ದಡ್ಡೀನಾ?"

"ಯಾರಂದ್ರು ನಿಂಗೆ?"

"ಎಲ್ರಿಗೂ ಒತ್ತಕ್ಷರ ಹೇಳ್ಕೊಡ್ತೀರ. ನಂಗೆ ಹೂವು ಬಿಡ್ಸು ಅಂತೀರ. ಅಂಗನ್‌ವಾಡಿ ಮಕ್ಕಳೂ ಹೂವೇ ಬಿಡ್ಸೋದು."

ಸುಳ್ಳು ಒಂದು ಹೇಳಬಹುದಿತ್ತು. ಇಷ್ಟು ದಿನ ಹೇಳಿದ್ದರಲ್ಲ, ಇನ್ನೊಂದು ಭಾರವೇ? ಆದರೆ ಆ ಮಗುವಿನ ಗದ್ದ ನಡುಗುತ್ತಿತ್ತು. ಮೇಡಂಗೆ ನಾಚಿಕೆಯಾಯಿತು. "ದಡ್ಡಿ ನೀನಲ್ಲ ಕಂದಾ, ನಾವು" ಅಂದು ಸ್ಕೂಟಿ ಮೇಲೆ ಮುಂದೆ ನಿಲ್ಲಿಸಿಕೊಂಡು ಮನೆಗೆ ಬಿಟ್ಟರು. ಮಗು ಒಳಗೆ ಓಡಿದ ಮೇಲೆ ಬಾಗಿಲಲ್ಲೇ ನಿಂತು ಕರಿಬಸಮ್ಮನಿಗೆ, "ನಿಮ್ಮ ಅಳಿಯನಿಗೆ ಫೋನ್ ಮಾಡಿ ಹೇಳಿ. ಭಾನುವಾರ ನಾನೂ ಬರ್ತೀನಿ. ಆವತ್ತು ಅವರು ಹೇಳ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ನಾನು ಓದಿಸ್ತೀನಿ, ಆಮೇಲೆ ನನ್ನ ಅನ್ನಬೇಡಿ" ಅಂದರು.

ಭಾನುವಾರ ಹೋದಾಗ ರುದ್ರಮುನಿ ನಡುಮನೆ ಕಂಬಕ್ಕೆ ಒರಗಿ ಕೂತಿದ್ದ. ಅವನ ಹಿಂದೆ ಗೋಡೆಯುದ್ದಕ್ಕೂ ಬ್ಯಾನರ್. ಮೇಡಂ ಮೊದಲ ಸಲ ನೋಡಿದರು ಭುವನಾಳನ್ನು. ಹಸಿರು ಸೀರೆ, ಕಿವಿಯಲ್ಲಿ ಜುಮಕಿ, ಮಗಳ ಹಾಗೇ ಸ್ವಲ್ಪ ಓರೆ ಹಲ್ಲು. ಬದುಕಿದ್ದರೆ ಪೇರೆಂಟ್ಸ್ ಮೀಟಿಂಗಿಗೆ ಬಂದು ಜಂಬ ಮಾಡಬೇಕಾದ ಹೆಂಗಸು. ಕಾಫಿ ಬಂತು, ಕುಡಿದದ್ದಾಯಿತು. ಮೇಡಂ ರುದ್ರಮುನಿಯನ್ನು ನೋಡಿದರು. ಅವನು ನೆಲ ನೋಡಿದ. ಕರಿಬಸಮ್ಮ ಖಾಲಿ ಲೋಟ ಎತ್ತಿಕೊಂಡು, ಎಲ್ಲಿಗೆ ಒಯ್ಯಬೇಕೆಂದು ಮರೆತವಳ ಹಾಗೆ ಅಲ್ಲೇ ನಿಂತಳು.

ರಕ್ಷಾ ಮಾತ್ರ ಹಿಗ್ಗಿ ಹೀರೇಕಾಯಿ. ಮಿಸ್ ಮನೆಗೇ ಬಂದಿದ್ದಾರೆ! ಪರಕೆ ಕಡ್ಡಿಯೊಂದನ್ನು ತಂದು ಮೇಡಂ ಕೈಗಿಟ್ಟಳು. "ಇಲ್ಲೇ ಹೇಳ್ಕೊಡಿ ಮಿಸ್. ಬೋರ್ಡು ಬ್ಯಾಡ, ಇದೇ ಐತಲ್ಲ."

"ರುದ್ರಮುನಿಯವ್ರೇ" ಅಂದರು ಮೇಡಂ.

"ನನ್ ಕೈಲಾಗಲ್ಲ ಮೇಡಂ" ಅಂದ ರುದ್ರಮುನಿ. ಅಷ್ಟು ದೊಡ್ಡ ಆಳು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. "ನೀವೇ ಓದ್ಸಿಬುಡಿ."

ಮೇಡಂ ಎದ್ದರು. ಕಡ್ಡಿಯನ್ನು ಬ್ಯಾನರಿನ ದೊಡ್ಡಕ್ಷರದ ಮೇಲಿಟ್ಟರು. "ಇಲ್ಲಿ ನೋಡು ರಕ್ಷಾ. ಈ 'ರ್' ಹಿಂದೆ ಕೂತಿರ್ತದೆ, ಆದ್ರೆ ಮೊದ್ಲು ಅದನ್ನೇ ಹೇಳ್ಬೇಕು. ಪೂ... ರ್... ಣ."

"ಭಾವಪೂರ್ಣ!"

"ಇದು ಶ ಅರ್ಧ, ಕೆಳಗೆ ರ. ಶ್ರ. ಇದು ದ ಅರ್ಧ, ಕೆಳಗೆ ಧ. ಹೊಟ್ಟೆಯಿಂದ ಹೇಳು. ದ್ಧ."

"ಶ್ರ... ದ್ಧಾಂ... ಜಲಿ." ಹುಡುಗಿ ನಿಂತಲ್ಲೇ ಒಂದು ಸಲ ಕುಣಿದಳು. "ಶ್ರದ್ಧಾಂಜಲಿ! ಭಾವಪೂರ್ಣ ಶ್ರದ್ಧಾಂಜಲಿ! ಬಂತು ಮಿಸ್! ಅಜ್ಜೀ, ಬಂತು!"

ಎಷ್ಟು ಸ್ಪಷ್ಟ, ಎಷ್ಟು ಚೆಂದ ಓದಿದ್ದಳು. ಬೇರೆ ಯಾವ ದಿನವಾದರೂ ಮೇಡಂ ಎತ್ತಿಕೊಂಡು ಮುದ್ದಾಡುತ್ತಿದ್ದರು. ಈಗ ಅವರ ಕಣ್ಣು ಮಂಜಾಗಿ ಬ್ಯಾನರೇ ಕಾಣದಾಯಿತು.

"ಅಂಗಂದ್ರೆ ಏನು ಮಿಸ್?"

ಮೇಡಂ ಮಂಡಿಯೂರಿ ಕೂತು ಮಗುವಿನ ಎರಡೂ ಕೈ ಹಿಡಿದುಕೊಂಡರು. "ಅಂಗಂದ್ರೆ, ಕಂದಾ... ನಿಮ್ಮಮ್ಮ... ನಮ್ಮನ್ನೆಲ್ಲಾ ಬಿಟ್ಟು..."

ರಕ್ಷಾ ಒಂದು ಕೈ ಬಿಡಿಸಿಕೊಂಡು ಬ್ಯಾನರಿನ ತುದಿಗೆ ಹೋದಳು. ಫೋಟೋದ ಕೆಳಗೆ, ಮೂಲೆಯಲ್ಲಿ, ಸಣ್ಣಕ್ಷರದಲ್ಲಿ ಎರಡು ಸಾಲಿದ್ದವು. ಎರಡನೆಯದರ ಮೇಲೆ ಬೆರಳಿಟ್ಟಳು.

"ಮರಣ," ಅಂದಳು. "ಇದು ನಂಗೆ ಅವಾಗ್ಲೇ ಬರ್ತಿತ್ತು ಮಿಸ್. ಒತ್ತಿಲ್ಲ, ಏನಿಲ್ಲ, ಸುಲಭ. ಮೂರಕ್ಷರದ ಪದ ಬರ್ಸಿದ್ರಲ್ಲ, ಅವತ್ತು ಅಂಜನ್ ಕೇಳ್ದ. ಸತ್ತೋಗೋದು ಅಂತ ನೀವೇ ಹೇಳಿದ್ರಿ."

ಇಷ್ಟು ದಿನ ಒತ್ತಿಗೆ ಕಾವಲು ಕೂತಿದ್ದರಲ್ಲ ಎಲ್ಲರೂ. ಮೇಡಂ ತಾವೇ ಬೋರ್ಡಿನ ಮೇಲೆ ಕಮಲ, ಹವಳದ ಸಾಲಿನಲ್ಲಿ ಅದನ್ನೂ ಬರೆದು, ಅರ್ಥ ಹೇಳಿ, ಅಳಿಸಿ, ಮರೆತುಬಿಟ್ಟಿದ್ದರು.

"ಗೊತ್ತಿದ್ದೂ ಯಾಕೆ ಕಂದಾ ಕೇಳಲಿಲ್ಲ?"

"ಅದು ಸಣ್ಣಕ್ಷರ ಅಲ್ವಾ ಮಿಸ್. ಮೇಲೆ ದೊಡ್ಡಕ್ಷರದಲ್ಲಿ ಬ್ಯಾರೆ ಬರ್ದವ್ರೆ. ಅದ್ರಲ್ಲಿ ವಾಪಸ್ ಬತ್ತಾಳೆ ಅಂತ ಇರ್ತದೆ ಅಂದ್ಕೊಂಡಿದ್ದೆ. ಓದಕ್ಕೆ ಬಂದ್ರೆ ಯಾವತ್ತು ಅಂತ ಗೊತ್ತಾಗ್ತದಲ್ಲ." ಅವಳು ಮೇಡಂ ಮುಖವನ್ನೇ ನೋಡುತ್ತಿದ್ದಳು. "ಅಂಗಿಲ್ವಾ ಮಿಸ್ ಅದ್ರಲ್ಲಿ?"

"ಇಲ್ಲ ಕಂದಾ. ಅಂಗಿಲ್ಲ."

ಕರಿಬಸಮ್ಮ ಲೋಟ ಬಿಟ್ಟು ಕುಸಿದು ಕೂತಳು. ಮಗಳನ್ನು ಮಣ್ಣು ಮಾಡಿದ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಅಳು ಅವತ್ತು ಬಾಯಿಗೆ ಬಂತು. "ಅಯ್ಯೋ ನನ್ನ ಭುವನಾ, ನನ್ನವ್ವಾ" ಅಂತ ಎದೆ ಬಡಿದುಕೊಂಡಳು. ರುದ್ರಮುನಿ ಗೋಡೆಗೆ ಹಣೆ ಇಟ್ಟು ನಿಂತ. ರಕ್ಷಾ ಅಜ್ಜಿಯ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಬ್ಯಾನರನ್ನು ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದಳು. ಭಾವಪೂರ್ಣ ಶ್ರದ್ಧಾಂಜಲಿ. ಭುವನಾ. ಜನನ. ಮರಣ. ಸಂಘದ ಹೆಸರು. ಒಂದೊಂದನ್ನೂ ಬೆರಳಿಟ್ಟು, ತಪ್ಪಿಲ್ಲದೆ ಓದಿದಳು.

"ಓದೋದು ಇನ್ನೇನೂ ಉಳಿದಿಲ್ವಾ ಮಿಸ್ ಇದ್ರಲ್ಲಿ?"

"ಇಲ್ಲ ಕಂದಾ," ಅಂದರು ಮೇಡಂ. "ಇಷ್ಟೇ."

ಆಗ ಅತ್ತಳು ಹುಡುಗಿ.