ಹಿಂದಕ್ಕೆ ನಡೆಯುವ ಮಂಗಲಕ್ಕ

ಮಂಗಲಾ ಪಟಗಾರ ನನ್ನ ಬರಹವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಪುಟವಾಗಿ ಜೋಡಿಸಿದ ದಿನ, ಪರದೆಯಿಂದ ಕಣ್ಣು ಕೀಳದೆ ಎದ್ದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಹಿಮ್ಮಡಿಯಿಂದ ಮೆಟ್ಟಿಲು ತಡಕಿ ಇಳಿದು, ಬೀದಿಯಂಚಿನಲ್ಲಿ ಅರೆಗಣ್ಣು ಮುಚ್ಚಿ ನಿಂತರು. ಗರ್ಭಗುಡಿಗೆ ಬೆನ್ನು ತೋರಿಸಬಾರದೆಂದು ಭಕ್ತರು ಹೀಗೆ ಹಿಂದೆ ಸರಿಯುವುದನ್ನು ಕಂಡಿದ್ದ ನಾನು, ಕುಮಟೆಯಲ್ಲಿ ನನ್ನ ಗದ್ಯಕ್ಕೆ ಕೊನೆಗೂ ಒಬ್ಬ ಆರಾಧಕರು ದೊರೆತರೆಂದು ಪುಳಕಿತನಾದೆ.

"ಹೇಗಿದೆ?" ಎಂದೆ.

"ಓದ್ಲಿಲ್ಲ ಮಾಸ್ತರ್ರೆ. ಕೆಳಗೆ ಜಾಗ ಸಾಲೂದಿಲ್ಲ."

ಅಕ್ಷರಗಳು ಮಸುಕಾಗುವಷ್ಟು ದೂರ ಹೋದರೆ ಮಾತ್ರ ಕಪ್ಪೂ ಬಿಳಿಯೂ ಪುಟವನ್ನು ಹೇಗೆ ಹಂಚಿಕೊಂಡಿವೆ ಎಂಬುದು ಕಾಣುತ್ತದೆ ಎಂದು ಆಮೇಲೆ ತಿಳಿಯಿತು. ಆ ಡಿಟಿಪಿ ಕೋಣೆಯಲ್ಲಿ ಏ.ಸಿ. ಇದ್ದದ್ದು ಯಂತ್ರದ ಸುಖಕ್ಕಾಗಿ. ಹೊರಗೆ ಊರೆಲ್ಲ ಬೆವರಿನಲ್ಲಿ ತೊಯ್ಯುವ ಮೇ ತಿಂಗಳಲ್ಲೂ ಮಂಗಲಕ್ಕ ಸೀರೆಯ ಮೇಲೆ ಗಂಡನ ಕಂದು ಸ್ವೆಟರು ತೊಟ್ಟಿರುತ್ತಿದ್ದರು. ಲಗ್ನಪತ್ರಿಕೆಯಲ್ಲಿ ಗಣಪತಿಗಿಂತ ತಮ್ಮ ಹೆಸರು ದಪ್ಪಗಿರಲೆಂದು ಬೇಡುವ ಸೊಸೈಟಿಯ ಅಧ್ಯಕ್ಷರಾಗಲಿ, ಅಲ್ಪವಿರಾಮದ ಕುರಿತು ದೀರ್ಘ ಉಪನ್ಯಾಸ ಕೊಡುವ ನಾನಾಗಲಿ, ಅವರಿಂದ ಪಡೆಯುತ್ತಿದ್ದ ಉತ್ತರ ಒಂದೇ: "ಆತು, ಮುಂದೆ?"

ಅವರ ಹಟಗಳಲ್ಲಿ ಹಿರಿಯದು ಸ್ಪೇಸ್‌ಬಾರಿನದು. ಸಾಲನ್ನು ಬಲಕ್ಕೆ ಸರಿಸಲು ಟ್ಯಾಬ್ ಎಂಬ ಬೇರೆ ಕೀ ಇದೆಯೆಂದು ಕಂಪ್ಯೂಟರು ಮಾರಿದವನು ಹೇಳಿ ಹೇಳಿ ಸೋತಿದ್ದ. "ಅದು ಒತ್ತಿದ್ರೆ ಅದು ಹೇಳಿದಲ್ಲಿ ನಿಲ್ತದೆ. ಇದು ಒತ್ತಿದ್ರೆ ನಾ ಹೇಳಿದಲ್ಲಿ," ಎಂದು ಮಂಗಲಕ್ಕ ಹೆಬ್ಬೆರಳಿನಿಂದ ಟಕಟಕನೆ ಖಾಲಿ ಜಾಗ ತುಂಬುತ್ತಿದ್ದರು.

೧೯೯೮ರಲ್ಲಿ ಬಾಡ ಎಂಬ ಹಳ್ಳಿಯ ಮಾದೇವಿ ಮತ್ತು ದುರ್ಗಮ್ಮನವರ ಹಾಡುಗಳನ್ನು ನಾನು ಸಂಗ್ರಹಿಸಿ ಪುಸ್ತಕ ಮಾಡಿದಾಗ ದುಡಿದದ್ದು ಆ ಹೆಬ್ಬೆರಳೇ. ಮಾದೇವಿ ಒಂದು ಸಾಲು ಎತ್ತಿಕೊಟ್ಟರೆ ದುರ್ಗಮ್ಮ ಅದನ್ನು ಹಿಡಿದು ತಿರುಗಿ ಹಾಡುವುದು ಅವರ ಕ್ರಮ. ಮಂಗಲಕ್ಕ ಮಾದೇವಿಯ ಸಾಲನ್ನು ಎಡಕ್ಕೂ, ದುರ್ಗಮ್ಮನದನ್ನು ಅದರ ಕೆಳಗೆ ಬಲಕ್ಕೂ ನಿಲ್ಲಿಸಿದರು. ಇಬ್ಬರಿಗೂ ಓದು ಬಾರದು. ಪುಸ್ತಕ ಕೈಗೆ ಬಂದಾಗ, ಚಾಪೆಯ ಮೇಲೆ ಹಾಡಲು ಕೂತಂತೆ ಅದರ ಎಡಬಲಕ್ಕೆ ಕೂತು ತಂತಮ್ಮ ಬದಿಯನ್ನು ಬೆರಳಿನಿಂದ ಸವರಿದರು.

"ಇದು ನಂದಾ?" ದುರ್ಗಮ್ಮ ಕೇಳಿದರು.

"ನಿಮ್ದೇ. ಯಾರೂ ಎಬ್ಬಿಸೂದಿಲ್ಲ," ಎಂದರು ಮಂಗಲಕ್ಕ.

ಎಂಟು ವರ್ಷದ ಮೇಲೆ ಮರುಮುದ್ರಣದ ಯೋಗ ಬಂತು. ಅಷ್ಟರಲ್ಲಿ ದುರ್ಗಮ್ಮ ತೀರಿಕೊಂಡಿದ್ದರು. ಹುಬ್ಬಳ್ಳಿಯ ಮುದ್ರಕರು ಪುಟ ಜೋಡಿಸುವ ಹಳೆಯ ಪ್ರೋಗ್ರಾಮಾದ ಪೇಜ್‌ಮೇಕರಿನ ಫೈಲು ಬೇಡ, ಹೊಸ ಇನ್‌ಡಿಸೈನಿನಲ್ಲಿ ಕೊಡಿ ಎಂದಿದ್ದರು. ಹಳೆಯ ಫೈಲನ್ನು ಹೊಸದರಲ್ಲಿ ತೆರೆದು ಫಾಂಟು ಬದಲಿಸಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ಮಂಗಲಕ್ಕ ತಿಂಗಳುಗಟ್ಟಲೆ ಕೂತು ಒಂದೊಂದನ್ನೇ ಹಿಡಿದು ತಂದು ಅದರದರ ಅಕ್ಷರದ ಕೆಳಗೆ ಕೂರಿಸಿದರು. ಆದರೆ ಫಾಂಟು ಬದಲಿಸುವ ಪ್ರೋಗ್ರಾಮು ಅವರ ಹೆಬ್ಬೆರಳಿನ ಖಾಲಿ ಜಾಗಗಳನ್ನೆಲ್ಲ ಕಸವೆಂದು ಗುಡಿಸಿ, ಸಾಲಿಗೆ ಸಾಲು ಅಂಟಿಸಿ, ಹಾಡುಗಳನ್ನು ವರದಿಯ ಹಾಗೆ ಮಾಡಿಬಿಟ್ಟಿತ್ತು. ದಣಿದಿದ್ದ ಮಂಗಲಕ್ಕ ಆ ದಿನ ಹಿಂದಕ್ಕೆ ನಡೆಯಲಿಲ್ಲ. "ಅಕ್ಷರ ಎಲ್ಲಾ ಬಂತು, ಆತು," ಎಂದರು. ನಾನಂತೂ ಹಿಗ್ಗಿದೆ. ಪುಟ ಹೆಚ್ಚಾಗಕೂಡದೆಂದು ಪ್ರಕಾಶಕರು ತಾಕೀತು ಮಾಡಿದ್ದರು; ಹಾಡುಗಳು ಹೀಗೆ ಒತ್ತೊತ್ತಾಗಿ ಕೂತದ್ದರಿಂದ, ಜಾನಪದ ಸಂವೇದನೆಯ ಸೂಕ್ಷ್ಮ ಆಯಾಮಗಳನ್ನು ಕುರಿತ ನನ್ನ ಹೊಸ ಮುನ್ನುಡಿ ಕಾಲು ಚಾಚಿ ಮಲಗುವಷ್ಟು ಜಾಗ ಸಿಕ್ಕಿತ್ತು.

ಕರಡು ನೋಡಲು ಮಾದೇವಿ ಬಂದರು. ಪುಟದ ಬಲಬದಿಗೆ ಬೆರಳಿಟ್ಟು ಹುಡುಕಿದರು. ಮಗುಚಿ, ಇನ್ನೊಂದು ಪುಟದಲ್ಲೂ ಹುಡುಕಿದರು.

"ತಂಗೀ, ದುರ್ಗಮ್ಮ ಎಲ್ಲಿ?"

"ಸಾಲೆಲ್ಲ ಒಳಗೇ ಇದೆ, ಜಾಗ ಉಳಿಸಿದ್ದಷ್ಟೆ," ಎಂದೆ ನಾನು.

ಮಾದೇವಿ ನನ್ನತ್ತ ನೋಡಲೂ ಇಲ್ಲ. "ಸತ್ತೋದ್ಲು ಅಂದ್ಕಂಡು ಎಬ್ಸಿಬಿಟ್ರಾ?"

ಮಂಗಲಕ್ಕ ಎದ್ದರು. ಹಿಮ್ಮಡಿ ಮೆಟ್ಟಿಲು ತಡಕಿತು. ಬೀದಿಯಲ್ಲಿ ಮೀನಿನ ಬುಟ್ಟಿಯವಳು ಬಯ್ದು ಬಳಸಿ ಹೋದರೂ ಅಲ್ಲಿಂದ ಕದಲದೆ ಪರದೆಯನ್ನೇ ನೋಡಿದರು. ಒಳಗೆ ಬಂದವರು ಸ್ವೆಟರು ಕಳಚಿ ಕುರ್ಚಿಗೆ ಹಾಕಿದರು. "ಕೆಲಸ ಕೆಡ್ಸಿದ್ದು ನನ್ನ ಹೆಬ್ಬೆಟ್ಟು. ಎತ್ತಿಕೊಡಿ ಮಾದೇವಕ್ಕ, ಮೊದಲಿಂದ."

ಮಾದೇವಿ ಎತ್ತಿಕೊಟ್ಟರು. ಹಳೆಯ ಪುಸ್ತಕ ತೊಡೆಯ ಮೇಲಿದ್ದರೂ, ಸಾಲು ಎಲ್ಲಿ ಮುರಿಯುತ್ತದೆಂದು ಕಿವಿಯಿಂದಲೇ ತಿಳಿಯಬೇಕೆಂದು ಮಂಗಲಕ್ಕ ದುರ್ಗಮ್ಮನ ಪಾಲನ್ನು ತಾವೇ ಹಾಡುತ್ತ, ಜನ್ಮದಲ್ಲಿ ಮುಟ್ಟದಿದ್ದ, ಆದರೆ ಯಾವ ಪ್ರೋಗ್ರಾಮೂ ಗುಡಿಸದ ಟ್ಯಾಬ್ ಕೀಯನ್ನು ಒತ್ತುತ್ತ ಹೋದರು. ಆ ದನಿಗೆ ಮಾದೇವಿ ಮುಖ ಕಿವುಚಿದರು. "ಅವ್ಳು ಕೇಳಿದ್ರೆ ಎದ್ದು ಬರ್ತಿದ್ಲು," ಎಂದರು. ಆದರೆ ಹಾಡು ನಿಲ್ಲಿಸಲಿಲ್ಲ. ಸಾಲೊಂದೊಂದೂ ಬಲಕ್ಕೆ ಹೋಗಿ ಕೂತಂತೆ ಪುಟಗಳು ಬೆಳೆದವು, ಅಷ್ಟಷ್ಟೇ ನನ್ನ ಮುನ್ನುಡಿ ಕರಗಿತು. ಕೊನೆಗೆ ಉಳಿದದ್ದು ಅರ್ಧ ಪುಟ, ಅದರಲ್ಲೂ ನನ್ನ ಹೆಸರಿನದೇ ಒಂದು ಸಾಲು.

ಒಂದು ಯಂತ್ರದಿಂದ ಇನ್ನೊಂದಕ್ಕೆ ಪುಟಗಳನ್ನು ದಾಟಿಸುವವರ ಹೆಸರು ಪುಸ್ತಕದ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಪುಟವಿರುವುದೇ ನಮ್ಮಿಂದ ತುಂಬಿಸಿಕೊಳ್ಳಲು ಎಂದು ಬರೆಯುವವರು ನಂಬಿರುತ್ತೇವೆ. ಈ ಜನ ಮಾತ್ರ ನಾಲ್ಕು ಹೆಜ್ಜೆ ಹಿಂದೆ ನಿಂತು, ಯಾರ ಪಕ್ಕದಲ್ಲಿ ಯಾರಿಗೆಷ್ಟು ಜಾಗ ಬಿಡಬೇಕೆಂದು ನೋಡುತ್ತಿರುತ್ತಾರೆ. ಈ ತತ್ತ್ವ ನನಗೆ ಹೊಳೆದದ್ದು ಈಚೆಗೆ. ಅಂದು ಹೊಳೆದದ್ದು ಪ್ರಶ್ನೆಯೊಂದೇ.

"ಮುನ್ನುಡಿ ಇಷ್ಟು ಕತ್ತರಿಸಿದರೆ ಹಾಡು ಯಾರಿಗಾದರೂ ಅರ್ಥವಾದೀತೆ, ಮಂಗಲಕ್ಕ?"

ಅವರು ಪರದೆಯಿಂದ ಕಣ್ಣೆತ್ತಲಿಲ್ಲ.

"ದುರ್ಗಮ್ಮಂಗೆ ಆಗಿತ್ತಲ್ಲ. ಅವ್ರೂ ಓದಿರ್ಲಿಲ್ಲ ನಿಮ್ದು."