ಒರೆಸುವ ಅರಿವೆಯ ಮಡಿ

"ಎಲೇ ರಂಡೇ, ನಿನ್ನ ಮೈ ತಿಕ್ಕಿದಂಗ ತಿಕ್ಕಬ್ಯಾಡ! ಅದು ದೇವರ ಖೋಲಿ ಒರಸೋ ಅರಿವಿ!"

ದೇಶಮುಖರ ಹೆಂಡತಿ ಸುಮನಬಾಯಿ ವಾಡೆಯ ಹಿಂಬಾಗಿಲಲ್ಲಿ ನಿಂತಿದ್ದಳು. ಕೆಳಗೆ, ಎಮ್ಮೆಗಳಿಗೆ ನೀರುಣಿಸುತ್ತಿದ್ದ ಹಳೆಯ ಉದ್ದನೆಯ ಕಲ್ಲುದೋಣಿಯ ಮುಂದೆ, ನನ್ನ ಅವ್ವ ಜಿಜಾಬಾಯಿ ಅರಿವೆ ತಿಕ್ಕುತ್ತಿದ್ದಳು. ನಾನು ಬೇಲಿಯಾಚೆ, ಮಡಿಲಲ್ಲಿ ಜ್ವರದ ಕೂಸು, ಪಕ್ಕದಲ್ಲಿ ಖಾಲಿ ಕೊಡ. ಆ ಬೇಸಿಗೆ ಕಲ್ಯಾಣಿ ಊರಿನಲ್ಲಿ ನಮ್ಮ ಕೇರಿಯ ಬಾವಿ ಬತ್ತಿತ್ತು. ನೀರಿದ್ದದ್ದು ವಾಡೆಯ ಒಳಬಾವಿಯಲ್ಲಿ.

"ಕೂಸಿನ ನಾಲಿಗಿ ಒಣಗ್ಯಾದ್ರಿ ಬಾಯಾರ. ಒಂದು ಚರಗಿ ನೀರು ಹಾಕ್ರಿ," ಅಂದಳು ಅವ್ವ.

"ಅರಿವಿಗೇ ಸಾಲವಲ್ದು. ಇದು ದೇವರ ಮುಂದ ಹೋಗತದ. ನಿನ್ನ ಮೊಮ್ಮಗ ಹೋಗತಾನೇನು?"

ಸುಮನಬಾಯಿ ಮೇಲಿನಿಂದಲೇ ದೋಣಿಗೆ ಬೆಚ್ಚನೆಯ ನೀರು ಸುರಿದಳು. ಹುಣಸೆಹಣ್ಣು ಎಸೆದಳು. ಹಿಡಿ ಹಿಡಿ ಉಪ್ಪು ಹಾಕಿದಳು. ಲಡಾಯಿ ಶುರುವಾಗಿ ಉಪ್ಪು ತುಟ್ಟಿಯಾದ ಮೇಲೆ ನಮ್ಮ ಅಂಬಲಿ ಅಷ್ಟು ಉಪ್ಪು ಕಂಡಿರಲಿಲ್ಲ. ಆಮೇಲೆ ಹುಮನಾಬಾದ ಸಂತೆಯ ನಿಂಬೆಹಣ್ಣಿನ ಹೋಳು. ಅರಿವೆ ಬಾಣಂತಿಯ ಹಾಗೆ ಸುಖವಾಗಿ ಮಲಗಿತ್ತು.

"ನಾ ಮುಟ್ಟಿದ್ದು ಒಳಗ ನಡೀತದೇನ್ರಿ?"

"ಉಪ್ಪು, ಹುಳಿ, ನಿಂಬಿ ಬಿದ್ದಮ್ಯಾಲ ಮೈಲಿಗಿ ಎಲ್ಲೀದು? ಭಟ್ಟರೇ ಹೇಳ್ಯಾರ. ಮೂರು ಸಲ ಮುಣುಗಿಸು, ಬಿಸಿಲಿಗಿ ಹಿಡಿ. ಮುಗೀತು, ಮಡಿ."

ಅವ್ವನ ಕೈ ನಿಂತಿತು. ನನಗೆ ಅಜ್ಜಿಯ ಕಥೆಯ ಕಪ್ಪೆ ನೆನಪಾಯಿತು. ಅದೂ ಮೂರು ಸಲ ಮುಳುಗೆದ್ದು ರಾಜಕುಮಾರಿಯಾಗುತ್ತಿತ್ತು.

ಅವ್ವ ದೋಣಿಯೊಳಗೆ ಇಳಿದಳು.

"ಏ ಏ! ಹುಚ್ಚ ಹಿಡೀತೇನ ನಿನಗ?"

ಅವ್ವ ಅಂಗಾತ ಮಲಗಿದಳು, ಎದ್ದಳು. ನಿಂಬೆಹೋಳಿನಿಂದ ಕತ್ತು, ಉಪ್ಪಿನಿಂದ ಕಂಕುಳು ತಿಕ್ಕಿಕೊಂಡಳು. ಮೂರನೆಯ ಸಲ ಎದ್ದಾಗ ಕೂದಲಲ್ಲಿ ಹುಣಸೆಯ ನಾರು, ಕಿವಿಯ ಮೇಲೊಂದು ಬೀಜ. ಕೈ ಚಾಚಿ ಬಿಸಿಲಿಗೆ ನಿಂತಳು, ಒಣಹಾಕಿದ ಸೀರೆಯ ಹಾಗೆ. ಅರಿವೆಯನ್ನು ಹಿಂಡಿ ಸೊಂಟಕ್ಕೆ ಬಿಗಿದಳು.

"ಅರಿವಿಗಿ ಮಾಡಿದ್ದೆಲ್ಲಾ ಮಾಡೀನ್ರಿ ಬಾಯಾರ. ಬೇಕಾದ್ರ ಮೂಸಿ ನೋಡ್ರಿ."

ಬೇಲಿಯ ಮೇಲಿಂದ ಬಾಗಿ ನನ್ನ ಪಕ್ಕದ ಕೊಡ ಎತ್ತಿಕೊಂಡು ವಾಡೆಯ ಹೊಸ್ತಿಲು ದಾಟಿದಳು. ಸುಮನಬಾಯಿ ಗೋಡೆಗೆ ಅಂಟಿ ಕಿರುಚಿದಳು. ದೇಶಮುಖ ಎಂಜಲಗೈಯಲ್ಲೇ ಓಡಿಬಂದ.

"ಹೊರಗ ದಬ್ಬು ಆಕೀನ್ನ!"

"ನೀವ ದಬ್ರಿ!"

"ನಾ ಹ್ಯಾಂಗ ಮುಟ್ಟಲಿ? ಊಟಕ್ಕ ಕುಂತೀನಿ!"

"ನಾ ಮಡಿ ಉಟ್ಟೀನಿ!"

ದೇವರ ಖೋಲಿಯ ಮುಂದಿನಿಂದ ಬಾವಿಯವರೆಗೆ ಫರಸಿಕಲ್ಲಿನ ನೆಲದ ಮೇಲೆ ಅವ್ವನ ಒದ್ದೆ ಹೆಜ್ಜೆಗಳು.

"ಒರಸು, ಅದನ್ನರ ಮೊದಲ ಒರಸು!"

"ಯಾತರಲೇ ಒರಸಲಿ?"

ಅರಿವೆ ಅವ್ವನ ಸೊಂಟದಲ್ಲಿತ್ತು. ಒಳಗೆ ರಾಟೆ ಕಿರುಗುಟ್ಟಿತು. ನನ್ನ ಮಡಿಲಲ್ಲಿ ಕೂಸು ಬಾಯಿ ತೆರೆಯಿತು.