ನಿರ್ಮಲದ ಐದನೆಯ ಮಾತ್ರೆ

ಪಂಡಿತ ಕೆಂಚವೀರಪ್ಪನವರ ಬೆರಳು ಅಚ್ಚಿನ ಕರಡಿನ ‘ನಿರ್ಮಲ’ ಎಂಬ ಪದದ ಮೇಲೆ ಬಂದು ನಿಂತಿತು. ನಿಂತದ್ದು ಮುಂದಕ್ಕೆ ಸರಿಯಲಿಲ್ಲ. ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ಕೀರ್ತನಾ ಆ ಬೆರಳನ್ನೇ ನೋಡುತ್ತಿದ್ದಳು. ಇದೇ ಚಾಪೆಯ ಮೇಲೆ ಕುಳಿತು ಛಂದಸ್ಸು ಕಲಿತ ದಿನಗಳಿಂದಲೂ ಅವಳಿಗೆ ಆ ಬೆರಳಿನ ಭಾಷೆ ಗೊತ್ತು. ಮನಸ್ಸಿಗೆ ಒಪ್ಪಿದರೆ ಅದು ತಾಳ ಹಾಕುತ್ತಿತ್ತು. ಸಂದೇಹ ಬಂದರೆ ಹಾಳೆಯನ್ನು ತಟ್ಟುತ್ತಿತ್ತು. ಹೀಗೆ ಸುಮ್ಮನೆ ನಿಂತಿತೆಂದರೆ ತಪ್ಪು ಸಿಕ್ಕಿದೆಯೆಂದೇ ಅರ್ಥ.

“ನೋಡವ್ವಾ ಕೀರ್ತನಾ,” ಎಂದರು ಪಂಡಿತರು. “ಈ ಲಕಾರದ ಹೊಟ್ಟ್ಯಾಗ ಕೊಕ್ಕಿ ಸಿಗಿಸಿದೋರು ಯಾರು?”

ಕೀರ್ತನಾ ಬಗ್ಗಿ ನೋಡಿದಳು. ‘ಮ’ದ ಬಲಕ್ಕೆ ತನ್ನ ಪಾಡಿಗೆ ತಾನು ನಿಲ್ಲಬೇಕಾಗಿದ್ದ ಅರ್ಕಾವತ್ತು ಮುಂದಿನ ‘ಲ’ದ ಮೈಯೊಳಕ್ಕೆ ಹೊಕ್ಕು, ಎರಡೂ ಸೇರಿ ಓದಲಾರದ ಒಂದು ಗಂಟಾಗಿತ್ತು. ಆ ಪುಟದಲ್ಲಿ ಎಲ್ಲೆಲ್ಲಿ ಅರ್ಕಾವತ್ತು ಇತ್ತೋ ಅಲ್ಲೆಲ್ಲ ಅದೇ ಗಂಟು. ಅವಳ ಮುಖ ಸಣ್ಣದಾಯಿತು.

ಪುಸ್ತಕ ಪಂಡಿತರದು, ಹಳಗನ್ನಡದ ಪದ್ಯಬಂಧಗಳನ್ನು ವಿವರಿಸುವ ಲಕ್ಷಣಗ್ರಂಥ. ಅದರ ಜೀವವೆಲ್ಲ ಇರುವುದು ಅಕ್ಷರಗಳ ನೆತ್ತಿಯ ಮೇಲಿನ ಗುರುತುಗಳಲ್ಲಿ. ಒಂದು ಮಾತ್ರೆಯ ಕಾಲ ಹಿಡಿಯುವ ಅಕ್ಷರಕ್ಕೆ ಲಘುವಿನ ಬಾಗು, ಎರಡು ಮಾತ್ರೆಯದಕ್ಕೆ ಗುರುವಿನ ಗೆರೆ. ಹಿಂದೊಮ್ಮೆ ಈ ಗ್ರಂಥ ದೂರದ ಊರಿನ ಮುದ್ರಣಾಲಯವೊಂದರಲ್ಲಿ ಅಚ್ಚಾಗಿತ್ತು. ಬಂದು ನೋಡಿದರೆ ಗುರುತುಗಳೆಲ್ಲ ಒಂದೊಂದು ಅಕ್ಷರ ಪಕ್ಕಕ್ಕೆ ಸರಿದುಹೋಗಿದ್ದವು. ಪಂಡಿತರು ಯಾರನ್ನೂ ಬೈಯಲಿಲ್ಲ. ಪ್ರತಿಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು, ಅಷ್ಟೆ. ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದ ಕೀರ್ತನಾ, ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಚೆನ್ನಾಗಿ ಬಲ್ಲವಳು. ಆ ವ್ಯವಸ್ಥೆಯಲ್ಲಿ ಗುರುತುಗಳು ಕೂದಲೆಳೆಯಷ್ಟೂ ಕದಲುವುದಿಲ್ಲವೆಂದು ವರ್ಷವೆಲ್ಲ ಕಾಡಿ ಬೇಡಿ ಅವರನ್ನು ಒಪ್ಪಿಸಿದ್ದಳು.

ಈಗ ಪಂಡಿತರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. “ಹೋಗ್ಲಿ ಬಿಡವ್ವ. ಗುರುತಿನ ಗೋಜಿಗೆ ಹೋಗಿ ಅಕ್ಷರಾನೂ ಕೆಟ್ಟಾವ. ಗುರುತು ಬ್ಯಾಡ. ಬರೀ ಪದ್ಯ ಹಾಕಿ ಮುಗಿಸು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಕೀರ್ತನಾಳಿಗೆ ಭಯವಾಯಿತು. ಗುರುತಿಲ್ಲದ ಆ ಗ್ರಂಥ ಶ್ರುತಿ ಕೂಡಿಸದ ತಂಬೂರಿಯಂತೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವತ್ತು ‘ಬ್ಯಾಡ’ ಎಂದವರು ನಾಳೆ ಮತ್ತೆ ‘ಹೂಂ’ ಎನ್ನುವ ಸ್ವಭಾವದವರೂ ಅಲ್ಲ.

ಸಂಜೆಯವರೆಗೆ ಅವಕಾಶ ಕೊಡಬೇಕೆಂದು ಅವಳು ಕೇಳಿಕೊಂಡಳು. ಪಂಡಿತರು ತಲೆಯಾಡಿಸಿ, ಹರಿಹರೇಶ್ವರನ ದರ್ಶನ ಇನ್ನೂ ಆಗಿಲ್ಲವೆಂದು ಹೆಗಲಿಗೆ ಶಲ್ಯ ಹಾಕಿಕೊಂಡು ಹೊರಟರು.

ಅವರು ಅತ್ತ ಹೋಗುತ್ತಲೇ ಕೀರ್ತನಾ ನಿಖತ್‌ಳನ್ನು ಫೋನು ಮಾಡಿ ಕರೆಸಿದಳು. ಪುಸ್ತಕದ ಅಕ್ಷರಗಳು ನಿಖತ್‌ಳ ಕೈಯವು. ಅವಳ ಅಜ್ಜ ಲಾಲ್ ಸಾಬರು ಹರಿಹರದಲ್ಲಿ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು. ಪಂಡಿತರು ಬಾಲ್ಯದಲ್ಲಿ ಓದಿದ ಪದ್ಯಪುಸ್ತಕಗಳೆಲ್ಲ ಆ ಮೊಳೆಗಳಲ್ಲೇ ಮೂಡಿದ್ದವು. ಮುದ್ರಣಾಲಯ ಮುಚ್ಚಿ, ಅದೇ ಜಾಗದಲ್ಲಿ ನಿಖತ್ ಲಗ್ನಪತ್ರಿಕೆಯ ಅಂಗಡಿ ತೆರೆದ ಮೇಲೂ ಮೊಳೆಗಳ ಖಾನೆಗಳನ್ನು ಗುಜರಿಗೆ ಹಾಕಿರಲಿಲ್ಲ. ತಮ್ಮ ಗ್ರಂಥವೂ ಆ ಅಕ್ಷರಗಳಲ್ಲೇ ಮೂಡಬೇಕೆಂಬ ಪಂಡಿತರ ಆಸೆಯನ್ನು ಕೇಳಿ ಅವಳು ಒಂದೊಂದೇ ಮೊಳೆಗೆ ಮಸಿ ಹಚ್ಚಿ, ಒತ್ತಿ, ಅದರ ಅಂಕುಡೊಂಕನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಹೊಸ ಫಾಂಟು ಮಾಡಿದ್ದಳು. ಯಾವ ಅಕ್ಷರ ಎಷ್ಟು ಅಗಲ, ಎಷ್ಟು ಎತ್ತರ, ಪಕ್ಕದ್ದಕ್ಕೆ ಎಷ್ಟು ಎಡೆ ಬಿಡಬೇಕು ಎಂಬುದನ್ನೆಲ್ಲ ಹೇಳುವ ಅಳತೆಯ ಕಡತವೂ ಅವಳದೇ. ಆದರೆ ಅವಳ ಕಡತದ ಬರವಣಿಗೆ ಟೆಕ್‌ಗೆ ಅರ್ಥವಾಗದು. ಅದನ್ನು ಟೆಕ್ ಓದಬಲ್ಲ ರೂಪಕ್ಕೆ ಪರಿವರ್ತಿಸಿದವಳು ಕೀರ್ತನಾ. ತಪ್ಪು ಈ ಎರಡು ಕೈಗಳ ನಡುವೆ ಎಲ್ಲೋ ನುಸುಳಿತ್ತು.

ಇಬ್ಬರೂ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಸಾಲುಸಾಲಾಗಿ ಅಳತೆಗಳನ್ನು ತಾಳೆ ನೋಡಿದರು. ನಿಖತ್‌ಳ ಕಡತದಲ್ಲಿ ಅರ್ಕಾವತ್ತಿಗೆ ಯೋಗ್ಯವಾದ ಅಗಲವೇ ಇತ್ತು. ಪರಿವರ್ತನೆಯಾದ ಕಡತದಲ್ಲಿ ಅದು ಸೊನ್ನೆಯಾಗಿತ್ತು. ಕೀರ್ತನಾ ಅದರ ಹೆಸರನ್ನು ಓದಿದಳು, ‘ರೇಫ’ ಎಂದು ಅರ್ಕಾವತ್ತಿನ ಸಂಸ್ಕೃತದ ಹೆಸರಿತ್ತು. ಓದಿದವಳೇ ಹಣೆ ಚಚ್ಚಿಕೊಂಡಳು.

ಹಿಂದೆ ಸಂಸ್ಕೃತ ಸ್ತೋತ್ರಗಳ ಪುಸ್ತಕವೊಂದನ್ನು ನಾಗರಿ ಲಿಪಿಯಲ್ಲಿ ಜೋಡಿಸುವಾಗ ಅವಳೇ ಪರಿವರ್ತನೆಯ ಪಟ್ಟಿಯೊಂದನ್ನು ಬರೆದುಕೊಂಡಿದ್ದಳು. ನಾಗರಿಯಲ್ಲಿ ರೇಫ ಅಕ್ಷರದ ತಲೆಯ ಮೇಲೆ ಏರಿ ಕೂರುತ್ತದೆ. ಸಾಲಿನಲ್ಲಿ ಅದಕ್ಕೆ ಬೇರೆ ಜಾಗ ಬೇಡ. ಆದ್ದರಿಂದ ರೇಫವೆಂಬ ಹೆಸರು ಕಂಡಲ್ಲೆಲ್ಲ ಅಗಲ ಸೊನ್ನೆ ಎಂದು ಬರೆದಿದ್ದಳು. ಈ ಸಲವೂ ಬಳಸಿದ್ದು ಅದೇ ಪಟ್ಟಿ. ಕನ್ನಡದ ಅರ್ಕಾವತ್ತೋ ಉಚ್ಚಾರದಲ್ಲಿ ಅಕ್ಷರಕ್ಕಿಂತ ಮೊದಲು ಬಂದು ಬರಹದಲ್ಲಿ ಅದರ ಆಮೇಲೆ ನಿಲ್ಲುವಂಥದು. ನೆಲದ ಮೇಲೆ ತನ್ನದೇ ಒಂದು ಹೆಜ್ಜೆ ಜಾಗ ಬೇಡುವಂಥದು.

“ಅಲ್ಲವೇ ನಿಖತ್, ಅರ್ಕಾವತ್ತು ಅಂತ್ಲೇ ಹೆಸರಿಟ್ಟಿದ್ರೆ ನನ್ನ ಪಟ್ಟಿ ಅದರ ತಂಟೆಗೇ ಹೋಗ್ತಿರಲಿಲ್ಲ. ರೇಫ ಅಂತ ಯಾಕ ಇಟ್ಟೆ?”

ನಿಖತ್ ದುಪಟ್ಟಾ ಬಾಯಿಗೆ ಹಿಡಿದು ನಕ್ಕಳು. “ಪಂಡಿತರ ಪುಸ್ತಕ ಅಲ್ಲೇನಕ್ಕಾ? ಅರ್ಕಾವತ್ತು ಅಂದ್ರೆ ಸಾಲಿ ಮಾತು ಅಂತ ಬೈತಾರೇನೋ ಅಂತ ಹೆದರಿ, ಅವರ ಬಾಯಾಗಿನ ಮಾತೇ ಬರದೆ. ಮರ್ಯಾದೆ ಕೊಡಾಕ ಹೋಗಿ ಹಿಂಗಾತು ನೋಡ್ರಿ.”

ಅರ್ಕಾವತ್ತಿಗೆ ಅಗಲ ಮರಳಿತು. ನಿಖತ್ ಅಂಗಡಿಗೆ ಹೋಗಿ ಹೊಸ ಕರಡನ್ನು ಅಚ್ಚು ಹಾಕಿ ತರುವುದಕ್ಕೂ ಪಂಡಿತರು ಹಣೆಯ ಮೇಲೆ ವಿಭೂತಿಯ ಜೊತೆ ಕುಂಕುಮವನ್ನೂ ಧರಿಸಿ ಹಿಂದಿರುಗುವುದಕ್ಕೂ ಸರಿಹೋಯಿತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಗಂಟುಗಳು ಬಿಚ್ಚಿಕೊಂಡಿದ್ದವು. ಲಾಲ್ ಸಾಬರ ಅಕ್ಷರಗಳು ತೊಳೆದಿಟ್ಟ ಪಾತ್ರೆಗಳಂತೆ ಸಾಲಾಗಿ ನಿಂತಿದ್ದವು. ಪಂಡಿತರ ಮುಖ ಅರಳಿ, ಬೆರಳು ಮೆಲ್ಲನೆ ತಾಳಕ್ಕೆ ತೊಡಗಿತು. ‘ನಿರ್ಮಲ’ಕ್ಕೆ ಬಂದು ಮತ್ತೆ ನಿಂತಿತು.

“ಕಂದಪದ್ಯಕ್ಕ ನಾಲ್ಕು ಮಾತ್ರೆಯ ಗಣ. ನೀ ಇಲ್ಲಿ ಐದು ಮಾಡೀಯಲ್ಲವ್ವ,” ಎಂದರು. “ಇದನ್ನ ನೋಡಿದೋರು ಕೆಂಚವೀರಪ್ಪಗ ಎಣಿಸಾಕ ಬರಲ್ಲ ಅಂತಾರ.”

ನಿಜ. ‘ನಿ’ಯ ಮೇಲೆ ಗುರು, ‘ಮ’ದ ಮೇಲೆ ಲಘು, ‘ಲ’ದ ಮೇಲೆ ಲಘು, ಇವಿಷ್ಟೇ ಇರಬೇಕಾಗಿದ್ದಲ್ಲಿ, ಅರ್ಕಾವತ್ತಿನ ನೆತ್ತಿಯ ಮೇಲೂ ಲಘುವೊಂದು ಠೀವಿಯಿಂದ ಕುಳಿತಿತ್ತು. ಅಗಲವಿರುವುದೆಲ್ಲ ಅಕ್ಷರ, ಅಕ್ಷರವಾದದ್ದಕ್ಕೆಲ್ಲ ಗುರುತು ಎಂದು ಯಂತ್ರಕ್ಕೆ ಹೇಳಿಕೊಟ್ಟವಳು ಕೀರ್ತನಾಳೇ. ಅಗಲ ಕೊಟ್ಟರೆ ಛಂದಸ್ಸು ಕೆಡುತ್ತದೆ, ತೆಗೆದರೆ ಓದು ಕೆಡುತ್ತದೆ. ಪಂಡಿತರು ಹಾಳೆಯನ್ನು ಮಡಿಚಿ ಮಂಡಿಯ ಮೇಲಿಟ್ಟುಕೊಂಡರು. ಇನ್ನೇನು, ‘ಗುರುತು ಬ್ಯಾಡ’ ಎಂಬ ಬೆಳಗಿನ ಮಾತನ್ನು ಮತ್ತೆ ಆಡಿಯೇಬಿಡುತ್ತಾರೆ ಎಂದು ಕೀರ್ತನಾ ಅಂದುಕೊಂಡಳು.

ಅಷ್ಟರಲ್ಲಿ ಬಾಗಿಲಿನಲ್ಲಿ ಸದ್ದಾಯಿತು. ದಾವಣಗೆರೆಯ ತಂಗಿಯ ಮನೆಗೆ ಹೋಗಿದ್ದ ಪಂಡಿತರ ಹೆಂಡತಿ ಉಚ್ಚೆಂಗೆಮ್ಮ, ತಮ್ಮಷ್ಟೇ ಎತ್ತರದ ಮಂಡಕ್ಕಿ ಚೀಲವನ್ನು ತಬ್ಬಿಕೊಂಡು ಹೊಸ್ತಿಲು ದಾಟುತ್ತಿದ್ದರು. ನಿಖತ್ ಓಡಿಹೋಗಿ ಚೀಲ ಇಳಿಸಿಕೊಂಡಳು. ಉಚ್ಚೆಂಗೆಮ್ಮ ಕಂಬಕ್ಕೊರಗಿ, ನೀರು ಕುಡಿದು, ಬಸ್ಸಿನ ಕಥೆ ತೆಗೆದರು. ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡಿದ್ದರಂತೆ. ಕಂಡಕ್ಟರು ಬಂದು ಅದಕ್ಕೂ ಟಿಕೇಟು ತೆಗೆಸಬೇಕೆಂದು ಪಟ್ಟು ಹಿಡಿದನಂತೆ.

“ಜಾಗ ಹಿಡದೈತೆ, ಇಲ್ಲ ಅಂದವರ‍್ಯಾರಪ್ಪ ಅಂದೆ. ಕೆಳಗಿಟ್ರೆ ತುಳಿದು ಹಿಟ್ಟು ಮಾಡ್ತಾರ. ಹಂಗಂತ ಅದೇನು ಹರಿಹರದಾಗ ಇಳಿದು ನಡಕೊಂಡು ಹೋಗೋ ಪ್ರಯಾಣಿಕನಾ? ಟಿಕೇಟು ಮನಷ್ಯಾರಿಗೆ ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು.”

ಹೆಂಡತಿಯ ಬಾಯಿ ಬಸ್ ನಿಲ್ದಾಣದ ಧ್ವನಿವರ್ಧಕಕ್ಕಿಂತ ದೊಡ್ಡದೆಂದು ಪಂಡಿತರು ಛೇಡಿಸಿದರು. ಆ ಬಾಯಿ ಇಲ್ಲದಿದ್ದರೆ ಈ ಮನೆಗೆ ಮಂಡಕ್ಕಿಯೂ ಬರುತ್ತಿರಲಿಲ್ಲವೆಂದು ಉಚ್ಚೆಂಗೆಮ್ಮ ತಿರುಗಿಸಿ ಕೊಟ್ಟರು. ನಗುತ್ತಿದ್ದ ಪಂಡಿತರು ನಡುವೆಯೇ ನಗು ನಿಲ್ಲಿಸಿದರು. ಮಂಡಿಯ ಮೇಲಿನ ಹಾಳೆಯನ್ನು ಬಿಡಿಸಿ, ಆ ಪದವನ್ನು ಇನ್ನೊಮ್ಮೆ ನೋಡಿದರು.

“ಕೀರ್ತನಾ, ನಿನ್ನ ಯಂತ್ರಕ್ಕ ಇಷ್ಟು ಹೇಳಾಕ ಬರ್ತೈತೇನವ್ವಾ? ಅರ್ಕಾವತ್ತಿಗೆ ಸೀಟು ಕೊಡು. ಟಿಕೇಟು ಕೇಳಬ್ಯಾಡ.”

ಆಮೇಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. ಜಾಗದ ಲೆಕ್ಕವನ್ನೂ ಕಾಲದ ಲೆಕ್ಕವನ್ನೂ ತಾನು ಒಂದೇ ಕೋಲಿನಿಂದ ಅಳೆದದ್ದೇ ತಪ್ಪು. ದೇಶ ಬೇರೆ, ಕಾಲ ಬೇರೆ ಎಂದು ಇದೇ ಗುರುಗಳು ಪಾಠ ಹೇಳುವಾಗ ತಲೆಯಾಡಿಸಿದ್ದವಳು ತಾನಲ್ಲವೇ! ಅಳತೆಯ ಕಡತದಲ್ಲಿ ಅರ್ಕಾವತ್ತಿನ ಅಗಲವನ್ನು ಇದ್ದಂತೆಯೇ ಬಿಟ್ಟಳು. ಗುರುತು ಹಾಕುವ ವಿಧಿಯಲ್ಲಿ ಮಾತ್ರ, ಯಾವುದಕ್ಕೆ ಗುರುತು ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬುದನ್ನು ಅಗಲಕ್ಕೆ ಸಂಬಂಧವಿಲ್ಲದಂತೆ ಬೇರೆಯಾಗಿ ಬರೆದಳು. ಪಕ್ಕದಲ್ಲಿ ಕುಳಿತ ನಿಖತ್ ಆ ಅಕ್ಷರದ ಹೆಸರನ್ನೂ ಬದಲಿಸಿಬಿಡೋಣವೇ ಎಂದು ಪಿಸುಗುಟ್ಟಿದಳು. ಪಂಡಿತರ ಕಿವಿ ಚುರುಕು. ರೇಫ, ಅರ್ಕಾವತ್ತು ಎರಡೂ ತಮ್ಮ ಮನೆಯ ಮಾತೇ. ಆದರೂ ಸಾಲೆಯ ಹುಡುಗರಿಗೆ ತಿಳಿಯುವ ಹೆಸರೇ ಇರಲಿ ಎಂದರು.

ಊಟವಾದ ಮೇಲೆ ಹೊಸ ಕರಡು ಬಂತು. ಉಚ್ಚೆಂಗೆಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಬೆಳ್ಳುಳ್ಳಿ ಸಿಡಿಯುವ ವಾಸನೆ ಪಡಸಾಲೆಯವರೆಗೆ ಹರಡಿತ್ತು. ಪಂಡಿತರು ಚಾಪೆಯ ಮೇಲೆ ನೆಟ್ಟಗೆ ಕುಳಿತು, ಕೆಂಪು ಪೆನ್ನಿನ ಮುಚ್ಚಳ ತೆಗೆದು ಬದಿಯಲ್ಲಿಟ್ಟುಕೊಂಡು, ಮೊದಲ ಕಂದವನ್ನು ಕಣ್ಣಿನಲ್ಲೇ ಓದಿದರು. ‘ನಿರ್ಮಲ’ದ ಮೇಲೆ ಒಂದು ಗೆರೆ, ಒಂದು ಬಾಗು, ಆಚೆ ಅರ್ಕಾವತ್ತು ಬರಿದಾದ ನೆತ್ತಿಯಲ್ಲಿ ನೆಮ್ಮದಿಯಾಗಿ ನಿಂತಿತ್ತು, ಅದರಾಚೆಗೆ ಇನ್ನೊಂದು ಬಾಗು. ಪಂಡಿತರು ಕಣ್ಣು ಮುಚ್ಚಿ ತೆರೆದು, ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ವಾಚಿಸಲು ತೊಡಗಿದರು.

ಆ ದನಿಯನ್ನು ಕೀರ್ತನಾ ಕೇಳಿ ಬಹಳ ಕಾಲವಾಗಿತ್ತು. ನಿಖತ್ ಅಜ್ಜನ ಅಕ್ಷರಗಳನ್ನು ಕಂಡಿದ್ದಳೇ ಹೊರತು ಹೀಗೆ ಹಾಡಿದ್ದನ್ನು ಕೇಳಿದವಳಲ್ಲ. ಅವಳು ಪಂಡಿತರ ಭುಜದ ಹಿಂದಿನಿಂದ ಹಾಳೆಯತ್ತ ಬಾಗಿ, ಗುರುತುಗಳನ್ನೇ ಕಣ್ಣಿನಲ್ಲಿ ಹಿಂಬಾಲಿಸುತ್ತ, ಗೆರೆ ಬಂದಲ್ಲಿ ತುಸು ತಡೆದು, ಬಾಗು ಬಂದಲ್ಲಿ ಚುಟುಕಾಗಿ, ತನಗೇ ಅರಿವಿಲ್ಲದಂತೆ ನೆಲದ ಮೇಲೆ ಬೆರಳು ತಟ್ಟುತ್ತಿದ್ದಳು. ಪಂಡಿತರು ಪುಟದ ಕೊನೆಯ ಸಾಲಿಗೆ ಬಂದರು. ಪೆನ್ನಿನ ಕಡೆಗೆ ಕೈ ಹೋಗಲಿಲ್ಲ. ಪದ್ಯ ಇನ್ನೂ ನಾಲಿಗೆಯ ಮೇಲಿರುವಾಗಲೇ ಅವರು ಹಾಳೆ ಮಗುಚಿದರು. ಅದು ಸರಿದ ಸದ್ದು ಒಂದು ಲಘುವಿನಷ್ಟೇ ಇತ್ತು.